ಅಲ್ಲಾಡದ ಕೈಗಳು

ಜೂನ್ 4

ಅಕ್ಕಾ,

ನಾಲ್ಕು ತಿಂಗಳಿಂದ ಒಂದು ಸಾಲೂ ಬರೆಯದವನು ಈಗ ಎರಡು ಹಾಳೆ ತುಂಬಿಸುತ್ತಿದ್ದಾನೆಂದರೆ ಏನೋ ಕೆಲಸವಿರಬೇಕು ಎಂದು ಭಾವನ ಮುಂದೆ ಆಗಲೇ ಹೇಳಿ ನಕ್ಕಿರುತ್ತೀಯ. ಹೌದು, ಕೆಲಸವಿದೆ.

ನಮ್ಮ ಇಲಾಖೆಯ ‘ಹೊಸ ಹಾದಿಯವರು’ ಮಾಲೆ ನಿನಗೆ ಗೊತ್ತಲ್ಲ. ಏನಾದರೊಂದು ಹೊಸದನ್ನು ಕಂಡುಹಿಡಿದ ನಮ್ಮ ಜನರ ಮೇಲೆ ಹನ್ನೆರಡು ನಿಮಿಷದ ಸರ್ಕಾರಿ ಚಿತ್ರ. ನೋಡುವವರು ಮಾತ್ರ ಹೊರದೇಶದವರು. ರಾಯಭಾರ ಕಚೇರಿಯಲ್ಲಿ ಒಂದು ಸಂಜೆ ಕುರ್ಚಿ ಹಾಕಿ, ದೀಪ ಆರಿಸಿ ತೋರಿಸುತ್ತಾರಂತೆ. ಬಂದವರು ಆಮೇಲೆ ಕೊಡುವ ತಿಂಡಿಗೆ ಕಾದು ಕೂತಿರುತ್ತಾರಂತೆ. ಇಪ್ಪತ್ತೆರಡು ವರ್ಷಗಳಲ್ಲಿ ನಾನು ಇಂಥ ಮೂವತ್ತೊಂಬತ್ತು ಸಾಧಕರನ್ನು ಕತ್ತರಿಸಿ ಜೋಡಿಸಿದ್ದೇನೆ. ಎಲ್ಲರೂ ಕೊನೆಯಲ್ಲಿ ಬಾಗಿಲಿಗೆ ಬಂದು ದೂರ ನೋಡುತ್ತಾ ನಗುತ್ತಾರೆ. ಒಬ್ಬರ ದನಿಯೂ ಮೂರು ಸೆಕೆಂಡಿಗಿಂತ ಹೆಚ್ಚು ಕೇಳಿಸುವುದಿಲ್ಲ. ಅವರು ಬಾಯಿ ತೆರೆದ ತಕ್ಷಣ ನಮ್ಮ ನಿರೂಪಕ ಮೇಲೆ ಬಿದ್ದು ಅವರ ಪರವಾಗಿ ತಾನೇ ಮಾತಾಡಿಬಿಡುತ್ತಾನೆ. ಕಾಯಿಲೆ, ಹರಿದ ಬಟ್ಟೆ, ಖಾಲಿ ತಟ್ಟೆ ತೋರಿಸಕೂಡದು ಎಂಬ ಸುತ್ತೋಲೆ ಬೇರೆ ಗೋಡೆಗೆ ಅಂಟಿಸಿದೆ.

ನಲವತ್ತನೆಯವನು ಖಾಲಿ ಡ್ರಮ್ಮುಗಳಿಂದ ದೋಣಿ ಮಾಡಿದವ. ಚಿತ್ರೀಕರಣದ ದಿನವೇ ದೋಣಿ ಮುಳುಗಿತು. ಸಾಧಕ ಈಜಿ ದಡ ಸೇರಿದ, ಅಷ್ಟೇ ಪುಣ್ಯ. ನಮ್ಮ ಸಾಹೇಬರು ಕಡತದ ಮೇಲೆ ‘ಬೇರೆಯವರನ್ನು ನೋಡಿ’ ಎಂದು ಬರೆದು ಕೈ ತೊಳೆದುಕೊಂಡರು. ವರ್ಷ ಮುಗಿಯುವುದರೊಳಗೆ ನಲವತ್ತು ಆಗದಿದ್ದರೆ ನಮ್ಮ ಘಟಕವನ್ನೇ ಮುಚ್ಚುತ್ತಾರೆ, ನನ್ನನ್ನು ಫಿಲ್ಮ್ ಡಬ್ಬಗಳ ಉಗ್ರಾಣಕ್ಕೆ ಹಾಕುತ್ತಾರೆ. ಅಲ್ಲಿ ಕಿಟಕಿಯೂ ಇಲ್ಲ.

ಆಗ ನಿನ್ನ ಹಳೆಯ ಪತ್ರವೊಂದು ನೆನಪಾಯಿತು. ಭಾವ ಹೊಲಿಗೆ ಯಂತ್ರದ ಸೂಜಿಗೆ ತಾನಾಗಿ ದಾರ ಪೋಣಿಸುವ ಹಿತ್ತಾಳೆಯ ಪುಟ್ಟ ಉಪಕರಣ ಮಾಡಿದ್ದಾರೆ, ಕಣ್ಣು ಕಾಣದ ಮುದುಕ ದರ್ಜಿಗಳೆಲ್ಲ ಅದಕ್ಕೆ ‘ಗುಬ್ಬಿ’ ಎಂದು ಹೆಸರಿಟ್ಟು ಕೇಳಿಕೊಂಡು ಬರುತ್ತಾರೆ ಎಂದು ಬರೆದಿದ್ದೆ. ನಲವತ್ತನೆಯವರು ಭಾವ ಯಾಕಾಗಬಾರದು? ಕ್ಯಾಮೆರಾದವರನ್ನು ಕಳಿಸುತ್ತೇನೆ. ಮೊದಲ ದಿನ ಮುಖ, ಎರಡನೇ ದಿನ ಕೈ. ಭಾಷೆ ಬರದವರಿಗೂ ಕೈ ಅರ್ಥವಾಗುತ್ತದೆ ಎನ್ನುವುದು ಸಾಹೇಬರ ಸಿದ್ಧಾಂತ. ನನಗೆ ಬರಲಾಗದು. ಎಡಿಟಿಂಗ್ ಟೇಬಲ್ ಬಿಟ್ಟು ನಾನು ಎಲ್ಲಿಗೆ ತಾನೇ ಹೋಗಿದ್ದೇನೆ?

ಭಾವನನ್ನು ಒಪ್ಪಿಸು. ನೀನು ಹೇಳಿದರೆ ಅವರು ಇಲ್ಲ ಅನ್ನುವುದಿಲ್ಲ.

ನಿನ್ನ ತಮ್ಮ


ಜೂನ್ 15

ಕತ್ತರಿಗೆ,

ನಕ್ಕದ್ದು ನಿಜ ಕಣೋ, ಫಿಲ್ಮು ಕತ್ತರಿಸುವ ಕತ್ತರಿ. ನಿನ್ನ ಭಾವ ಮಾತ್ರ ನಗಲಿಲ್ಲ. ಪತ್ರವನ್ನು ನನ್ನಿಂದ ಎರಡು ಸಲ ಓದಿಸಿಕೊಂಡರು. ಅವರ ಕನ್ನಡಕ ಒಡೆದಿದೆ.

ನಮ್ಮಲ್ಲಿ ತೋರಿಸುವಂಥದ್ದು ಏನಿದೆಯೋ. ಬೀದಿಗೆ ತೆರೆದುಕೊಂಡ ಒಂದು ಕೋಣೆ, ಹೊಟ್ಟೆ ಬಿಚ್ಚಿ ನಿಲ್ಲಿಸಿದ ಮೂರು ಯಂತ್ರ, ಬಿಸ್ಕತ್ತಿನ ಡಬ್ಬಗಳಲ್ಲಿ ಸ್ಕ್ರೂ, ಎಲ್ಲದರ ಮೇಲೂ ಎಣ್ಣೆಯ ಜಿಡ್ಡು. ಅವರು ಬೆಳಿಗ್ಗೆ ಹೊಲಿಗೆ ತರಬೇತಿ ಕೇಂದ್ರಕ್ಕೆ ಹೋಗಿ ಹುಡುಗಿಯರಿಗೆ ಯಂತ್ರ ರಿಪೇರಿ ಕಲಿಸುತ್ತಾರೆ. ಮಧ್ಯಾಹ್ನ ಬಂದು ಈ ಕೋಣೆಯಲ್ಲಿ ಕೂರುತ್ತಾರೆ. ಇಷ್ಟೇ ನಮ್ಮ ಪ್ರಪಂಚ. ಇದನ್ನು ನೋಡಲು ಹೊರದೇಶದವರು ಕುರ್ಚಿ ಹಾಕಿಕೊಂಡು ಕೂರಬೇಕೆ?

ಆದರೂ ಒಪ್ಪಿದ್ದಾರೆ. ನಾನು ಹೇಳಿದ್ದಕ್ಕಲ್ಲ, ನಾನು ಬೇಡ ಅಂತಲೇ ಹೇಳಿದೆ. “ಅವನನ್ನ ಉಗ್ರಾಣಕ್ಕೆ ಹಾಕಿದ್ರೆ ಒಂದೇ ವಾರದಲ್ಲಿ ಡಬ್ಬಗಳ ಜೊತೆ ಮಾತಾಡೋಕೆ ಶುರು ಮಾಡ್ತಾನೆ. ಬರಲಿ ಬಿಡು” ಎಂದರು. ನಿನಗಾಗಿ ಒಪ್ಪಿದ್ದು, ನೆನಪಿರಲಿ.

ಒಂದೇ ದಿನದಲ್ಲಿ ಮುಗಿಸಲು ಹೇಳು. ಕೈ ತೆಗೆಯುವುದು ಬೇಕೇ ಬೇಕೆ? ಮುಖ ಚೆನ್ನಾಗಿಯೇ ಇದೆಯಲ್ಲ. ನಾನು ಮದುವೆಯಾದದ್ದೇ ಅದನ್ನು ನೋಡಿ.

ಹೊತ್ತಿಗೆ ಸರಿಯಾಗಿ ಊಟ ಮಾಡು.

ಅಕ್ಕ


ಜುಲೈ 18

ಅಕ್ಕಾ,

ಫಿಲ್ಮು ತೊಳೆದು ಬಂತು. ಭಾವನ ಮುಖ ನೋಡಿ ನನ್ನ ಸಹಾಯಕ “ಇವರು ನಿಜವಾದ ಮನುಷ್ಯರ ಥರ ಇದ್ದಾರೆ ಸಾರ್” ಎಂದ. ನಮ್ಮ ಮಾಲೆಯಲ್ಲಿ ಇದು ದೊಡ್ಡ ಹೊಗಳಿಕೆ.

ಆದರೆ ಎರಡನೇ ದಿನದ ಕೈಗಳ ಫಿಲ್ಮು ಪೂರ್ತಿ ಹಾಳು. ನಾಲ್ಕು ನಿಮಿಷವೂ ಅಲ್ಲಾಡಿಸಿಬಿಟ್ಟಿದ್ದಾರೆ. ಕ್ಯಾಮೆರಾದವರನ್ನು ಕರೆಸಿದೆ. “ಕ್ಯಾಮೆರಾ ಅಲ್ಲಾಡಿಲ್ಲ ಸಾರ್. ಮೂರು ಕಾಲಿನ ಮೇಲೆ ನಿಲ್ಲಿಸಿ ತೆಗೆದದ್ದು” ಎಂದರು. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ಸಹಾಯಕನ ಎದುರಿಗೇ ಹೇಳಿದೆ. ಹಾಗಾದರೆ ಅಲ್ಲಾಡಿದ್ದು ಏನು ಎಂದು ಕೇಳಿದೆ. ಅವರು ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು, ಆಮೇಲೆ “ಆಯ್ತು ಸಾರ್, ತಪ್ಪು ನಂದೇ” ಎಂದರು. ವಿವರಣೆ ಕೇಳಿ ಮೆಮೊ ಕೊಟ್ಟಿದ್ದೇನೆ. ಅದನ್ನೂ ಓದದೆ ಸಹಿ ಹಾಕಿದರು. ಹದಿನೆಂಟು ವರ್ಷದಿಂದ ಜೊತೆಗಿದ್ದಾರೆ, ವಯಸ್ಸಾಯಿತೇನೋ. ನಮಗೆಲ್ಲರಿಗೂ ವಯಸ್ಸಾಯಿತು.

ಆ ಫಿಲ್ಮಿಗೆ ‘ಅನುಪಯುಕ್ತ’ ಎಂದು ಚೀಟಿ ಅಂಟಿಸಿ ಚೀಲಕ್ಕೆ ಹಾಕಿದ್ದೇನೆ. ನಿಯಮದ ಪ್ರಕಾರ ಆರು ತಿಂಗಳು ಇಟ್ಟು ಆಮೇಲೆ ಸುಡುತ್ತಾರೆ. ಈಗ ಕೈಗಳನ್ನು ಮತ್ತೆ ತೆಗೆಯಬೇಕು. ಭಾವನನ್ನು ಇನ್ನೊಂದು ಮಧ್ಯಾಹ್ನ ಕೂರಿಸು. ಅವರ ಮೇಲೆ ನನಗೇನೂ ದೂರಿಲ್ಲ ಎಂದು ಹೇಳು.

ನಿನ್ನ ತಮ್ಮ


ಜುಲೈ 29

ಕತ್ತರಿಗೆ,

ಕ್ಯಾಮೆರಾದವರು ಬಂದರು, ತೆಗೆದರು, ಹೋದರು. ಈ ಸಲ ಏನೂ ಅಲ್ಲಾಡಿಲ್ಲ. ಆ ಮನುಷ್ಯ ಬಹಳ ಒಳ್ಳೆಯವರು. ಅವರಿಗೆ ಕೊಟ್ಟ ಮೆಮೊ ವಾಪಸು ತೆಗೆದುಕೊ. ಇದೊಂದು ಮಾತು ನಡೆಸಿಕೊಡು.

ಅಕ್ಕ


ಜುಲೈ 29, ಸಂಜೆ

ಕತ್ತರಿಗೆ,

ಬೆಳಿಗ್ಗೆ ಬರೆದ ನಾಲ್ಕು ಸಾಲು ಅಂಚೆಗೆ ಹೋಯಿತು. ಇದು ಹೋಗುವುದಿಲ್ಲ. ಗುಂಡಿಗಳ ಡಬ್ಬದ ತಳದಲ್ಲಿ ಇಡುತ್ತೇನೆ. ಯಾರಿಗಾದರೂ ಹೇಳಬೇಕು, ಹೇಳುವ ಹಾಗಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನ ಭಾವನ ಕೈ ನಡುಗುತ್ತದೆ. ಎರಡು ವರ್ಷವಾಯಿತು. “ಸಾಯೋ ಕಾಯಿಲೆ ಅಲ್ಲ, ಹೋಗೋ ಕಾಯಿಲೆನೂ ಅಲ್ಲ” ಎಂದು ಡಾಕ್ಟರು ಒಂದೇ ಮಾತಿನಲ್ಲಿ ಮುಗಿಸಿದರು. ಕನ್ನಡಕ ಒಡೆದಿಲ್ಲ ಕಣೋ. ಪತ್ರ ಕೈಯಲ್ಲಿ ಹಿಡಿದರೆ ಅಕ್ಷರ ಕುಣಿಯುತ್ತದೆ, ಅದಕ್ಕೆ ನಾನು ಓದುತ್ತೇನೆ. ಚಹಾ ಅರ್ಧ ಲೋಟ ಮಾತ್ರ ಹಾಕುತ್ತೇನೆ.

ಗುಬ್ಬಿಯನ್ನು ಮುದುಕ ದರ್ಜಿಗಳಿಗಾಗಿ ಮಾಡಿದ್ದು ಎಂದು ಎಲ್ಲರಿಗೂ ಹೇಳಿದ್ದೇವೆ. ಅವರು ಅದನ್ನು ಮಾಡಿಕೊಂಡದ್ದು ತಮಗೆ. ಒಂದು ಮಧ್ಯಾಹ್ನ ರಿಪೇರಿಯಾದ ಯಂತ್ರವನ್ನು ಓಡಿಸಿ ನೋಡಬೇಕಿತ್ತು. ಸೂಜಿಗೆ ದಾರ ಹಾಕಲು ಊಟದ ಹೊತ್ತಿನಿಂದ ಶಾಲೆ ಬಿಡುವ ಹೊತ್ತಿನವರೆಗೂ ಒದ್ದಾಡಿದರು. ನನ್ನನ್ನು ಕರೆಯಲಿಲ್ಲ. ದಾರದ ಉಂಡೆಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಹಿತ್ತಲಿಗೆ ಹೋಗಿ ನಿಂತರು. ಒಂದು ತಿಂಗಳು ಯಂತ್ರದ ಹತ್ತಿರ ಬರಲಿಲ್ಲ. ಆಮೇಲೆ ಒಂದು ದಿನ ಹಿತ್ತಾಳೆಯ ತುಂಡು ತಂದು “ದಾರ ಎಲ್ಲಿಟ್ಟರೂ ಜಾರಿ ಒಂದೇ ಕಡೆ ಬರಬೇಕು, ಅಲ್ಲಿಂದ ಒಂದು ಕೊಕ್ಕೆ ಎಳ್ಕೊಬೇಕು” ಎಂದರು. ಹೇಳಿದ್ದು ಅವರು, ಅರ ಹಿಡಿದು ಉಜ್ಜಿದ್ದು ನಾನು. ಹನ್ನೊಂದು ಕೆಟ್ಟವು, ಹನ್ನೆರಡನೆಯದು ಗುಬ್ಬಿಯಾಯಿತು.

ತರಬೇತಿ ಕೇಂದ್ರದಲ್ಲಿ ಯಾರಿಗೂ ಗೊತ್ತಿಲ್ಲ. ಅಲ್ಲಿ ಕೈ ಜೇಬಿನಲ್ಲಿಟ್ಟುಕೊಂಡು “ನೀನೇ ಮಾಡು, ನಾನು ನೋಡ್ತೀನಿ” ಎನ್ನುತ್ತಾರೆ. ಮುಟ್ಟದೆ ಕಲಿಸುವ ಮೇಷ್ಟ್ರು ಎಂದು ಹೆಸರು ಬಂದಿದೆ. ಗೊತ್ತಾದರೆ ಮನೆಗೆ ಕಳಿಸುತ್ತಾರೆ. ಅವರಿಗೆ ಉಳಿದಿರುವುದು ಬೆಳಿಗ್ಗೆ ಅಲ್ಲಿ ಪಾಠ ಹೇಳುವ ಆ ಮೂರು ಗಂಟೆ. ಅದೂ ಹೋದರೆ ಈ ಮನುಷ್ಯ ಏನು ಮಾಡಬೇಕು?

ಮೊದಲ ಸಲ ಕ್ಯಾಮೆರಾ ಇಟ್ಟಾಗ ಒಂದು ನಿಮಿಷ ತಡೆದುಕೊಳ್ಳುತ್ತೇನೆ ಎಂದುಕೊಂಡಿದ್ದರು. ತಡೆಯಲಾಗಲಿಲ್ಲ. ಗುಟ್ಟು ಬಯಲಾಯಿತೆಂದು ನಾವು ನಿನ್ನ ಪತ್ರಕ್ಕೆ ಹೆದರಿ ಕಾಯುತ್ತಿದ್ದರೆ, ನೀನು ಕ್ಯಾಮೆರಾ ಅಲ್ಲಾಡಿತು ಎಂದು ಬರೆದೆ. ಇಬ್ಬರೂ ನಕ್ಕೆವು. ಆಮೇಲೆ ನಗು ಬರಲಿಲ್ಲ.

ನಿನ್ನೆ ಮಧ್ಯಾಹ್ನ ಕ್ಯಾಮೆರಾದವರು ಬಂದು ಏನೂ ಕೇಳಲಿಲ್ಲ. ನಿನ್ನ ಭಾವ ಕುರ್ಚಿಯಲ್ಲಿ ಕೂತರು, ಎದ್ದರು. ಕ್ಯಾಮೆರಾದವರು ನನ್ನ ಕಡೆ ತಿರುಗಿ “ಅಮ್ಮಾ, ನಿಮ್ಮ ಕೈ ಒಂದು ಸಲ ತೋರಿಸಿ” ಎಂದರು. ನಾನು ನಿನ್ನ ಭಾವನ ಅಂಗಿ ತೊಟ್ಟೆ, ಅವರ ಗಡಿಯಾರ ಕಟ್ಟಿಕೊಂಡೆ. ಗುಬ್ಬಿಗೆ ದಾರ ಕೊಟ್ಟವಳು ನಾನು. ನಿನ್ನ ಭಾವ ಎದುರಿಗೆ ಕೂತು ಕಿಟಕಿಯ ಬೆಳಕನ್ನು ನನ್ನ ಕೈಗೆ ತಿರುಗಿಸುವ ಬಿಳಿ ಹಲಗೆ ಹಿಡಿದಿದ್ದರು. ಹಲಗೆಯೂ ನಡುಗಿತು. ಬೆಳಕೂ ಅಲ್ಲಾಡಿತು. “ಪರವಾಗಿಲ್ಲ ಯಜಮಾನ್ರೇ, ಮೋಡ ಹೋಯ್ತು ಅಂದ್ಕೊಳ್ತಾರೆ” ಎಂದರು ಆ ಪುಣ್ಯಾತ್ಮ.

ನನಗೆ ಯಾಕೋ ತುಂಬ ದಣಿವಾಗಿದೆ. ಕೆಲಸದಿಂದಲ್ಲ.

ಅಕ್ಕ


ಸೆಪ್ಟೆಂಬರ್ 12

ಅಕ್ಕಾ,

ಚಿತ್ರ ಮುಗಿಯಿತು. ಎಷ್ಟೋ ವರ್ಷದ ಮೇಲೆ ನಾನು ಮಾಡಿದ ಕೆಲಸವನ್ನು ನಾನೇ ಎರಡನೇ ಸಲ ಹಾಕಿಕೊಂಡು ನೋಡಿದೆ.

ಆ ಕೈಗಳು! ಇಪ್ಪತ್ತೆರಡು ವರ್ಷ ಈ ಮೇಜಿನ ಮೇಲೆ ಕುಂಬಾರರ ಕೈ, ಡಾಕ್ಟರ ಕೈ, ಗಡಿಯಾರದವರ ಕೈ ಎಲ್ಲ ನೋಡಿದ್ದೇನೆ. ಇಷ್ಟು ನೆಮ್ಮದಿಯ ಕೈ ನೋಡಿರಲಿಲ್ಲ. ಯಾವ ಆತುರವೂ ಇಲ್ಲ, ತೋರಿಕೆಯೂ ಇಲ್ಲ. ಮಗುವಿಗೆ ಗುಂಡಿ ಹಾಕುವ ಹಾಗೆ ಆ ದಾರವನ್ನು ಗುಬ್ಬಿಗೆ ಕೊಡುತ್ತವೆ. ನಡುವೆ ಒಂದು ಕಡೆ ಬೆಳಕು ನವಿರಾಗಿ ನಡುಗುತ್ತದೆ, ಹೊರಗೆ ಮೋಡ ಹಾದುಹೋಗಿರಬೇಕು. ಅದನ್ನು ಕತ್ತರಿಸಲು ಮನಸ್ಸಾಗಲಿಲ್ಲ. ಭಾವನ ಮುಖವನ್ನೇ ಮೂರು ನಿಮಿಷಕ್ಕೆ ಇಳಿಸಿ ಉಳಿದದ್ದಕ್ಕೆಲ್ಲ ಕೈಗಳನ್ನೇ ಹಾಕಿದೆ. ಚಿತ್ರದ ಹೆಸರೂ ‘ಅಲ್ಲಾಡದ ಕೈಗಳು’. ಎಡ ಹೆಬ್ಬೆರಳ ಬುಡದಲ್ಲಿ ಹಳೆಯ ಗಾಯದ ಗೆರೆಯೊಂದಿದೆಯಲ್ಲ, ಅದಕ್ಕೆ ‘ಕಸುಬು ತೊಡಿಸಿದ ಪದಕ’ ಎಂದು ನಿರೂಪಣೆ ಬರೆದೆ. ಸಾಹೇಬರು ಆ ಸಾಲಿಗೆ ತಲೆದೂಗಿದರು.

ಒಂದು ವಿಚಿತ್ರ. ಈ ಕೈಗಳನ್ನು ಎಲ್ಲೋ ನೋಡಿದ್ದೇನೆ ಎಂದು ಮೊದಲ ದಿನದಿಂದ ಅನಿಸುತ್ತಿದೆ. ಭಾವನ ಜೊತೆ ಎಷ್ಟು ವರ್ಷ ಕೂತು ಉಂಡಿದ್ದೇನೆ, ನೋಡಿರದೆ ಏನು.

ಮೆಮೊ ವಿಷಯ ಬಿಡು. ಕಡತಕ್ಕೆ ಹೋದದ್ದು ವಾಪಸು ಬರುವುದಿಲ್ಲ.

ನಿನ್ನ ತಮ್ಮ


ನವೆಂಬರ್ 3

ಅಕ್ಕಾ,

ನಂಬುತ್ತೀಯೋ ಇಲ್ಲವೋ, ಈ ಸಲ ಜನ ತಿಂಡಿ ಮರೆತು ಚಿತ್ರ ನೋಡಿದ್ದಾರೆ. ಮೂರು ದೇಶಗಳಿಂದ ಪತ್ರ ಬಂದಿದೆ. ಒಂದು ಕಡೆ ಕೈಕಸುಬಿನ ದೊಡ್ಡ ಪ್ರದರ್ಶನವಂತೆ. ಭಾವ ಅಲ್ಲಿಗೆ ಹೋಗಿ ಐದು ದಿನ ಗಾಜಿನ ಕೋಣೆಯಲ್ಲಿ ಕೂತು ಗುಬ್ಬಿಯನ್ನು ತಮ್ಮ ಕೈಯಾರೆ ತೋರಿಸಬೇಕಂತೆ. ಸುತ್ತ ಜನ ನಿಂತು ನೋಡುತ್ತಾರೆ.

ನಲವತ್ತು ಚಿತ್ರವಾದರೂ ಘಟಕ ಮುಚ್ಚುವ ಕಡತ ಇನ್ನೂ ಮೇಲಿನ ಮೇಜಿನಲ್ಲೇ ಇದೆ. ಆದರೆ “ನಿಮ್ಮ ಭಾವ ಹೋಗಿ ಬಂದ್ರೆ ಆ ಕಡತವನ್ನೇ ಮುಚ್ಚಿಬಿಡೋಣ” ಎಂದರು ಸಾಹೇಬರು. ಘಟಕದ ಹದಿನಾಲ್ಕು ಜನ ನನ್ನ ಮುಖ ನೋಡುತ್ತಿದ್ದಾರೆ. ಅರ್ಜಿ ಇಟ್ಟಿದ್ದೇನೆ. ಭಾವನ ಸಹಿ ಹಾಕಿಸಿ ಕಳಿಸು, ಅಷ್ಟು ಸಾಕು.

ನಿನ್ನ ತಮ್ಮ


ನವೆಂಬರ್ 14

ಕತ್ತರಿಗೆ,

ಅವರು ಹೋಗುವುದಿಲ್ಲ. ಅರ್ಜಿಯನ್ನು ಹಾಗೇ ವಾಪಸು ಇಟ್ಟಿದ್ದೇನೆ. ಕಾರಣ ಕೇಳಬೇಡ. ಬೇರೆ ಯಾರನ್ನಾದರೂ ಕಳಿಸಿ, ಗುಬ್ಬಿಯನ್ನು ಯಾರು ಬೇಕಾದರೂ ತೋರಿಸಬಹುದು. ಎರಡು ಗುಬ್ಬಿ ಪ್ಯಾಕ್ ಮಾಡಿ ಕಳಿಸಲೆ?

ಅಕ್ಕ


ನವೆಂಬರ್ 22

ಅಕ್ಕಾ,

ಕಾರಣ ಕೇಳಬೇಡ ಎಂದರೆ ಸಾಹೇಬರ ಮುಂದೆ ಏನು ಹೇಳಲಿ? ನಮ್ಮ ಭಾವನವರಿಗೆ ಮನಸ್ಸಿಲ್ಲ ಎಂದೇ? ಕೈಗೆ ಬಂದ ತುತ್ತು ಬಾಯಿಗೆ ಬರದ ಹಾಗೆ ಮಾಡಿದಿರಿ.

ಭಾವನದು ಯಾವತ್ತೂ ಹೀಗೆಯೇ. ಹೊಗಳಿದರೆ ಮುಖ ತಿರುಗಿಸುವುದು, ಕರೆದರೆ ಬಾಗಿಲು ಹಾಕಿಕೊಳ್ಳುವುದು. ಅದನ್ನು ದೊಡ್ಡತನ ಎಂದು ನೀನು ನಂಬಿದ್ದೀಯ. ನಾನು ಅದಕ್ಕೆ ಜಂಬ ಎನ್ನುತ್ತೇನೆ. ಐದು ದಿನ, ಅಕ್ಕಾ. ಅಷ್ಟು ಗಟ್ಟಿ ಕೈ ಇಟ್ಟುಕೊಂಡು ಐದು ದಿನ ಕೂರಲಾಗದೆ? ಹದಿನಾಲ್ಕು ಮನೆಯ ಪ್ರಶ್ನೆ. ನಾನು ನಿಮ್ಮಿಂದ ಇಷ್ಟು ವರ್ಷ ಬೇರೇನಾದರೂ ಕೇಳಿದ್ದೇನೆಯೆ?

ಅಮ್ಮ ಹೋದ ಮೇಲೆ ನನಗೆ ನೀನೇ ಎಲ್ಲ ಎಂದುಕೊಂಡಿದ್ದೆ. ಮದುವೆಯಾದ ದಿನದಿಂದ ನಿನ್ನ ತಕ್ಕಡಿ ಒಂದೇ ಕಡೆ ವಾಲುತ್ತಿದೆ. ಇರಲಿ. ಉಗ್ರಾಣದ ವಿಳಾಸ ಗೊತ್ತಾದ ಮೇಲೆ ತಿಳಿಸುತ್ತೇನೆ.

ತಮ್ಮ


ಡಿಸೆಂಬರ್ 1

ಕತ್ತರಿಗೆ,

ಇದರ ಜೊತೆ ಒಂದು ಹಳೆಯ ಪತ್ರ ಇಟ್ಟಿದ್ದೇನೆ. ಜುಲೈ 29ರ ಸಂಜೆ ಬರೆದದ್ದು. ಗುಂಡಿಯ ಡಬ್ಬದಲ್ಲಿತ್ತು. ಅದನ್ನು ಮೊದಲು ಓದು, ಆಮೇಲೆ ಇದಕ್ಕೆ ಬಾ.

ಓದಿದೆಯಾ? ಈಗ ಕೇಳು. ಆ ಗಾಯ ಕಸುಬು ತೊಡಿಸಿದ ಪದಕವಲ್ಲ. ನಿನಗೆ ಆಗ ಆರು ವರ್ಷ. ಹಾಲುಪುಡಿಯ ಡಬ್ಬದಲ್ಲಿ ಕೈ ಹಾಕಿ, ಸಿಕ್ಕಿಸಿಕೊಂಡು, ಮನೆಯೇ ಹಾರಿಹೋಗುವ ಹಾಗೆ ಅಳುತ್ತಿದ್ದೆ. ಡಬ್ಬದ ತಗಡನ್ನು ಕತ್ತರಿಸಿ ನಿನ್ನ ಕೈ ಬಿಡಿಸಿದವಳು ನಾನು. ನಿನಗೆ ಒಂದು ಗೀರೂ ಆಗಲಿಲ್ಲ. ನಿನಗೆ ಒಂಬತ್ತು ವರ್ಷವಾಗುವವರೆಗೆ ನಿನ್ನ ಅಂಗಿಗೆ ಗುಂಡಿ ಹಾಕಿದ್ದೂ ಅದೇ ಕೈ. ಮೂರು ದೇಶದವರು ಮೆಚ್ಚಿದರಂತೆ. ನೀನು ತಿಂಗಳುಗಟ್ಟಲೆ ಮೇಜಿನ ಮೇಲೆ ಹರಡಿಕೊಂಡು ನೋಡಿದೆಯಂತೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇನೋ?

ಕೋಪದಲ್ಲಿ ಬರೆಯುತ್ತಿಲ್ಲ. ಕೋಪ ಬರಲೂ ಶಕ್ತಿ ಬೇಕು. ನಿನ್ನ ಕಳೆದ ಪತ್ರವನ್ನು ನಾನು ಓದಿ ಹೇಳಲಿಲ್ಲ. ಅವರೇ ಮೇಜಿನ ಮೇಲೆ ಹರಡಿ, ಮೇಲೆ ಕತ್ತರಿ ಇಟ್ಟು, ಬಗ್ಗಿ ಓದಿದರು. ‘ಅಷ್ಟು ಗಟ್ಟಿ ಕೈ’ ಎನ್ನುವಲ್ಲಿ ಬಹಳ ಹೊತ್ತು ನಿಂತರು. ಆಮೇಲೆ “ಅವನಿಗೆ ಹೇಳಿಬಿಡು, ಪಾಪ, ಅವನಿಗೆ ಗೊತ್ತಿಲ್ಲ” ಎಂದರು. ಅದಕ್ಕೆ ಹೇಳಿದ್ದೇನೆ. ಇನ್ನು ನಿನಗೆ ಬಿಟ್ಟದ್ದು.

ಅಕ್ಕ


ಡಿಸೆಂಬರ್ 19

ಅಕ್ಕಾ,

ಹದಿನೈದು ದಿನ ನಿನಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಕ್ಷಮಿಸು ಎಂದು ಬರೆದು ನಾಲ್ಕು ಹಾಳೆ ಹರಿದೆ. ಇಲಾಖೆಯ ಹಾಳೆ, ನನ್ನದೇನು ಹೋಯಿತು.

ನಿನ್ನ ಪತ್ರ ಬಂದ ದಿನವೇ ಅನುಪಯುಕ್ತ ಫಿಲ್ಮಿನ ಚೀಲ ಬಿಚ್ಚಿದೆ. ನಾನೇ ಅಂಟಿಸಿದ ಚೀಟಿ, ನನ್ನದೇ ಸಹಿ. ಮೇಜಿಗೆ ಹಾಕಿ ನಿಧಾನವಾಗಿ ತಿರುಗಿಸಿದೆ. ಚಿತ್ರದ ಎಡ ಮೂಲೆಯಲ್ಲಿ, ಯಂತ್ರದ ಹಲಗೆಯ ಮೇಲೆ, ಯಾರೋ ಒಂದು ದಾರದ ಬಾಬಿನ್ ನಿಲ್ಲಿಸಿದ್ದಾರೆ. ನೀನೇ ಇಟ್ಟಿರಬೇಕು. ನಾಲ್ಕು ನಿಮಿಷವೂ ಅದು ನಿಂತಲ್ಲೇ ನಿಂತಿದೆ. ಕೂದಲೆಳೆಯಷ್ಟೂ ಅಲ್ಲಾಡಿಲ್ಲ. ಕ್ಯಾಮೆರಾ ಅಲ್ಲಾಡಿದ್ದರೆ ಅದೂ ಅಲ್ಲಾಡಬೇಕಿತ್ತು. ಹೊಸದಾಗಿ ಸೇರಿದ ಸಹಾಯಕನಿಗೂ ಗೊತ್ತಾಗುವ ವಿಷಯ. ಇಪ್ಪತ್ತೆರಡು ವರ್ಷದ ಸಂಕಲನಕಾರ ಮೂಲೆ ನೋಡಲಿಲ್ಲ. ಸಾಧಕನ ಕೈ ಎಂದರೆ ನಡುಗುವುದೇ ಇಲ್ಲ ಎಂದು ನನ್ನ ಸುತ್ತೋಲೆ ಹೇಳಿತ್ತು, ಅದನ್ನು ನಂಬಿ ಕಣ್ಣನ್ನು ನಂಬಲಿಲ್ಲ. ನೆಲ ಡೊಂಕು ಅಂದವನು ನಾನೇ.

ಮತ್ತೆ ಆ ಇನ್ನೊಂದು. ನಿನ್ನ ಕೈ. ಅದರ ಬಗ್ಗೆ ಬರೆಯಲು ಹೋದರೆ ನಾಚಿಕೆಯಾಗುತ್ತದೆ. ಮಗುವಿಗೆ ಗುಂಡಿ ಹಾಕುವ ಹಾಗೆ ಎಂದು ನಾನೇ ಬರೆದಿದ್ದೆನಲ್ಲ. ಬರೆದವನಿಗೇ ಹೊಳೆಯಲಿಲ್ಲ.

ಕ್ಯಾಮೆರಾದವರ ಮನೆಗೆ ಹೋಗಿದ್ದೆ. ಹದಿನೆಂಟು ವರ್ಷದಲ್ಲಿ ಮೊದಲ ಸಲ. ಎರಡನೇ ಮಹಡಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು ನಿಂತೆ. “ಹೇಳಬಹುದಿತ್ತಲ್ಲ” ಎಂದೆ. “ಅವರ ಗುಟ್ಟು ಸಾರ್, ನನ್ನದಲ್ಲ” ಎಂದರು. ಮೆಮೊ ಕೊಟ್ಟದ್ದು ನನ್ನ ತಪ್ಪು ಎಂದು ಇಲಾಖೆಗೆ ಬರೆದ ಪತ್ರದ ಪ್ರತಿ ಕೊಟ್ಟೆ. ಓದಿ, ಮಡಿಸಿ ಇಟ್ಟುಕೊಂಡು “ಊಟ ಮಾಡ್ಕೊಂಡು ಹೋಗಿ” ಎಂದರು.

ಈಗ ಭಾವನಿಗೆ ಕೇಳಬೇಕಾದದ್ದು. ನಾಲ್ಕು ನಿಮಿಷವೂ ಹಾಳು ಎಂದು ಬರೆದಿದ್ದೆನಲ್ಲ, ಅದರ ಕೊನೆಯನ್ನು ನಾನು ಜುಲೈನಲ್ಲಿ ನೋಡಿಯೇ ಇರಲಿಲ್ಲ, ನಡುವೆಯೇ ನಿಲ್ಲಿಸಿದ್ದೆ. ಭಾವನ ಕೈ ದಾರ ಹಿಡಿದು ನಡುಗುತ್ತಾ ಸೂಜಿಯ ಅತ್ತಿತ್ತ ಅಲೆಯುತ್ತದೆ. ಆಮೇಲೆ ದಾರವನ್ನು ಗುಬ್ಬಿಯ ಬಾಯಿಗೆ ಎಲ್ಲೋ ಒಂದು ಕಡೆ ಬಿಟ್ಟು ಹಿಡಿ ಒತ್ತುತ್ತಾರೆ. ದಾರ ಸೂಜಿಯ ಆಚೆ ಇರುತ್ತದೆ. ಒಂದೇ ಸಲಕ್ಕೆ. ಕೈ ಇನ್ನೂ ನಡುಗುತ್ತಲೇ ಇರುತ್ತದೆ. ಗುಬ್ಬಿ ಎಂದರೆ ಏನು ಎಂದು ನನಗೆ ಆಗ ಗೊತ್ತಾಯಿತು. ನನ್ನ ಚಿತ್ರದಲ್ಲಿ ಅದು ಎಲ್ಲೂ ಇಲ್ಲ. ಅಲ್ಲಾಡದ ಕೈಗೆ ಗುಬ್ಬಿ ಯಾಕೆ ಬೇಕು?

ಪ್ರದರ್ಶನಕ್ಕೆ ಚಿತ್ರದ ಹೊಸ ಪ್ರತಿ ಕೇಳಿದ್ದಾರೆ. ಆ ನಾಲ್ಕು ನಿಮಿಷವನ್ನು ಅದಕ್ಕೆ ಸೇರಿಸಿ, ಸಾಹೇಬರಿಗೆ ತೋರಿಸದೆ ಕಳಿಸಬೇಕೆಂದಿದ್ದೇನೆ. ಸುತ್ತೋಲೆ ಮೀರಿದ್ದಕ್ಕೆ ನನಗೆ ಉಗ್ರಾಣ ಖಂಡಿತ. ಘಟಕ ಹೇಗೂ ಉಳಿಯುವುದಿಲ್ಲ, ಹದಿನಾಲ್ಕು ಜನಕ್ಕೂ ಬೇರೆ ಬೇರೆ ಮೇಜು ಹುಡುಕುತ್ತಿದ್ದಾರೆ. ನನ್ನದು ಬಿಡು. ಭಾವನದು ಹಾಗಲ್ಲ. ಹೊರದೇಶದಲ್ಲಿ ತೋರಿಸಿದ್ದು ಸುತ್ತಿ ಬಳಸಿ ತರಬೇತಿ ಕೇಂದ್ರಕ್ಕೂ ತಲುಪುತ್ತದೆ. ಆ ಮೂರು ಗಂಟೆ ಹೋಗಬಹುದು. ಅದಕ್ಕೆ ಭಾವನೇ ಹೇಳಬೇಕು. ಬೇಡ ಎಂದರೆ ಜನವರಿ 18ಕ್ಕೆ ಆರು ತಿಂಗಳು ತುಂಬುತ್ತದೆ, ಫಿಲ್ಮು ತಾನಾಗಿ ಸುಟ್ಟುಹೋಗುತ್ತದೆ. ಯಾರಿಗೂ ತಿಳಿಯುವುದಿಲ್ಲ.

ನಿನ್ನ ತಮ್ಮ


ಜನವರಿ 8

ಭಾಮೈದನಿಗೆ,

ಇದು ನಾನೇ ಬರೆಯುತ್ತಿರುವುದು. ಅದು ನೋಡಿದರೆ ಗೊತ್ತಾಗುತ್ತದೆ.

ಸುತ್ತಿ ಬಳಸಿ ತಲುಪುವುದಕ್ಕಿಂತ ನೇರ ಹೋಗುವುದು ವಾಸಿ ಎಂದು ಮೊನ್ನೆ ತರಗತಿಯಲ್ಲಿ ಜೇಬಿನಿಂದ ಕೈ ತೆಗೆದೆ. ಎಲ್ಲರ ಎದುರು ಯಂತ್ರಕ್ಕೆ ದಾರ ಹಾಕಿದೆ. ಹಿಂದಿನ ಬೆಂಚಿನವಳೊಬ್ಬಳು “ಸಾರ್, ಗುಬ್ಬಿ ಸೋಮಾರಿಗಳಿಗೆ ಅಂದ್ಕೊಂಡಿದ್ದೆ” ಎಂದಳು. ಅದು ನನಗೇ ಬೇಕಾದದ್ದು ಎಂದು ನಾನು ಹೇಳಿರಲೇ ಇಲ್ಲವಲ್ಲ, ಅವಳ ತಪ್ಪಿಲ್ಲ. ಕೇಂದ್ರದ ಮುಖ್ಯಸ್ಥೆ ಮೇಲಿನವರಿಗೆ ಬರೆದು ಕೇಳುತ್ತಾರಂತೆ. ಕೇಳಲಿ. ಎರಡು ವರ್ಷ ಜೇಬಿನಲ್ಲಿಟ್ಟು ಕೈಗಿಂತ ನನಗೇ ಹೆಚ್ಚು ಸುಸ್ತಾಗಿದೆ.

ಆ ನಾಲ್ಕು ನಿಮಿಷ ಹಾಕು. ಎರಡು ಷರತ್ತು. ಇನ್ನೊಂದು ಜೊತೆ ಕೈ ಯಾರದು ಎಂದು ಅಕ್ಷರದಲ್ಲಿ ಹಾಕಬೇಕು. ಅರ ಹಿಡಿದದ್ದೂ ಅವಳೇ ಎಂದು ಬರೆಯಬೇಕು. ಮತ್ತೆ ನನ್ನ ಕೈ ಬರುವಾಗ ನಿಮ್ಮ ನಿರೂಪಕ ಬಾಯಿ ಮುಚ್ಚಿಕೊಂಡಿರಲಿ. ನಾಲ್ಕು ನಿಮಿಷ ಸುಮ್ಮನಿದ್ದರೆ ಅವನೇನೂ ಸಾಯುವುದಿಲ್ಲ.

ಉಗ್ರಾಣಕ್ಕೆ ಹಾಕಿದರೆ ಹೆದರಬೇಡ. ರಜೆ ಹಾಕಿ ಬಾ. ಇಲ್ಲಿ ಕಿಟಕಿ ಇದೆ.

ಈ ಹಾಳೆಗೆ ನಾಲ್ಕು ದಿನ ಹಿಡಿಯಿತು. “ಕೊಡಿ, ನಾನು ಬರೀತೀನಿ” ಎಂದು ನಿನ್ನ ಅಕ್ಕ ನಾಲ್ಕೂ ದಿನ ಪಕ್ಕದಲ್ಲೇ ಕೂತಿದ್ದಳು. ಪೆನ್ನು ಕೊಡಲಿಲ್ಲ. ಅಕ್ಷರ ಓದಲು ಕಷ್ಟವಾದರೆ ಎಡ ಮೂಲೆ ನೋಡು. ಎಣ್ಣೆಯ ದುಂಡು ಕಲೆಯೊಂದಿದೆಯಲ್ಲ, ಅಲ್ಲಿ ಒಂದು ಬಾಬಿನ್ ನಿಲ್ಲಿಸಿಕೊಂಡೇ ಬರೆದೆ. ಅದು ಅಲ್ಲಾಡಿಲ್ಲ.

ನಿನ್ನ ಭಾವ